ಹಿತ್ತಲ ಹುಣಸೆಮರದ ಮೇಲೆ ಮನೆ ಕಟ್ಟಿದವರಿಗೆ

ಕೊಕ್ಕರೆಬೆಳ್ಳೂರಿನ ನಮ್ಮ ಹಿತ್ತಲ ಹುಣಸೆಮರದ ನೆತ್ತಿಯಲ್ಲಿ ವರ್ಷವರ್ಷವೂ ಬಿಡಾರ ಹೂಡುವ ಹೆಜ್ಜಾರ್ಲೆ ತಾಯಂದಿರಿಗೂ ಬಣ್ಣದ ಕೊಕ್ಕರೆ ಅಕ್ಕಂದಿರಿಗೂ ಮರದ ಬುಡದ ಮನೆಯವನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಮರಿಗಳನ್ನು ಕರೆದುಕೊಂಡು ಹೊರಟು ಹದಿನೈದು ದಿನವಾಯಿತು. ಎದುರಿಗಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಬಾಣಂತನಕ್ಕೆ ತವರಿಗೆ ಬಂದವರ ಮುಂದೆ ತಕರಾರು ತೆಗೆಯಬಾರದೆಂದು ನಮ್ಮವ್ವನ ಕಟ್ಟಪ್ಪಣೆ.

ಮೊದಲು ಹುಣಸೆಯ ಮಾತು. ಹಣ್ಣು ಉದುರಿಸುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಸರಿಯಾಗಿ ಆ ಹೊತ್ತಿಗೇ ತಮ್ಮ ಗೂಡುಗಳಲ್ಲಿ ಮರಿಗಳಿರುತ್ತವೆ. ಕೊಂಬೆ ಅಲ್ಲಾಡಿಸುವಂತಿಲ್ಲ, ಗಳ ಹಿಡಿದು ಬಡಿಯುವಂತಿಲ್ಲ. ತಾನಾಗಿ ಬಿದ್ದದ್ದನ್ನು ಆಯೋಣವೆಂದರೆ ಅದರ ಮೇಲೆಲ್ಲ ಹಿಕ್ಕೆ. ಹಿತ್ತಲಲ್ಲಿ ಇಷ್ಟು ದೊಡ್ಡ ಮರ ಇಟ್ಟುಕೊಂಡು ಸಾರಿಗೆ ಮಂಡ್ಯದ ಅಂಗಡಿಯಿಂದ ಹುಣಸೆಹಣ್ಣು ತರುವ ಮನೆ ನಮ್ಮದು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ತಮ್ಮನ್ನು ಗುರುತಿಸಿದ ಮೇಲೆ, ಗೂಡಿರುವ ಮರದವರಿಗೆ ಪರಿಹಾರ ಕೊಡುವ ಏರ್ಪಾಡಾಯಿತು. ಅದು ದೊಡ್ಡ ಉಪಕಾರ. ಆದರೆ ಇಟ್ಟಿಗೆ ಸುಡಲು ಸೌದೆ ಕೊಳ್ಳುವವನು ಮರದ ಸುತ್ತ ಒಂದು ಸುತ್ತು ಬಂದು, ತೋಳಿನಲ್ಲಿ ಬೊಡ್ಡೆಯ ಗಾತ್ರ ಅಳೆದು ಹೇಳುವ ಬೆಲೆಯ ಮುಂದೆ ಆ ಹಣ ಏನೂ ಅಲ್ಲ. ಹೋದ ವರ್ಷವೂ ಬಂದಿದ್ದ. ಅವ್ವ ಅವನಿಗೆ ನೀರು ಕೊಟ್ಟು ಕಳಿಸಿದಳು, ಮರ ಕೊಡಲಿಲ್ಲ.

ಹೆಂಚಿನ ಮೇಲೆ ಸುಣ್ಣ ಬಳಿದಂತೆ ಬಿದ್ದ ಹಿಕ್ಕೆ, ಹೊರಗೆ ಒಣಹಾಕಲಾಗದ ಬಟ್ಟೆ, ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆಯ ಮೀನಿನ ವಾಸನೆಯನ್ನೆಲ್ಲ ತಂದು ಅಂಗಳಕ್ಕೆ ಇಳಿಸುವುದು, ಇದನ್ನೆಲ್ಲ ನಾನು ಬೆಳೆಸುವುದಿಲ್ಲ. ಅದರ ಋಣ ತೀರಿದೆ. ಮರದ ಬುಡದಲ್ಲಿ ಗುಣಿ ತೆಗೆದು ಕೆರೆಯ ಗೋಡುಮಣ್ಣು ತುಂಬಿಟ್ಟರೆ ತಮ್ಮ ಹಿಕ್ಕೆ ಬಿದ್ದು ಬೆರೆತು ಗೊಬ್ಬರವಾಗುತ್ತದೆ. ನಮ್ಮ ಗದ್ದೆ ಅದನ್ನು ಉಂಡಿದೆ.

ನನ್ನ ನಿಜವಾದ ದೂರು ಮಗಳ ಪರವಾಗಿ. ಮಳವಳ್ಳಿ ತಾಲ್ಲೂಕಿನ ಹಲಗೂರು ಕಡೆ ಅವಳ ಸೋದರಮಾವನ ಹೊಲವಿದೆ. ಕಾವೇರಿ ಕಾಡಿನಿಂದ ಆನೆ ಬರುತ್ತದೆಂದು ಅಲ್ಲಿ ಮರದ ಕವಲಿನಲ್ಲಿ ಅಟ್ಟಣೆ ಕಟ್ಟಿ ರಾಗಿ ಕಾಯುತ್ತಾರೆ. ಒಂದು ರಾತ್ರಿ ಅದರ ಮೇಲೆ ಮಲಗಿ ಬಂದವಳು ತನಗೂ ಅಂಥದೇ ಬೇಕೆಂದು ಹಟ ಹಿಡಿದಳು. ಹೋದ ಆಷಾಢದಲ್ಲಿ, ತಾವು ಇಲ್ಲದಾಗ, ಕಟ್ಟಿಕೊಟ್ಟೆ. ಮೊಳೆ ಹೊಡೆಯಲಿಲ್ಲ. ತೊಗಟೆಗೆ ಗೋಣಿಚೀಲ ಸುತ್ತಿ, ತೆಂಗಿನ ನಾರಿನ ಹಗ್ಗದಲ್ಲಿ ಬಿದಿರು ಬಿಗಿದು, ಮೇಲೆ ಅಡಿಕೆ ದಬ್ಬೆ ಹಾಸಿ, ಗರಿ ಹೊದಿಸಿದೆ. ಅವಳು ಮೂರು ತಿಂಗಳು ಅಲ್ಲೇ ಕೂತು ಓದಿದಳು, ಅಲ್ಲೇ ಉಂಡಳು.

ದೀಪಾವಳಿ ಸಮೀಪಿಸಿದಾಗ ತಮ್ಮ ಪೈಕಿ ಇಬ್ಬರು ಬಂದು ಊರ ಮೇಲೆ ಸುತ್ತು ಹಾಕಿದಿರಿ. ಅವ್ವ ಕತ್ತೆತ್ತಿ ನೋಡಿ, "ಬಿಚ್ಚವ್ವ, ಬಂದ್ರು" ಎಂದಳು. ಮಗಳು ಅಳುತ್ತಲೇ ಗಂಟು ಬಿಚ್ಚಿದಳು. ಹಗ್ಗ ಮಳೆಯಲ್ಲಿ ನೆನೆದು ಬಿಗಿದಿತ್ತು. ಉಗುರು ಮುರಿದರೂ ನನಗೆ ಕುಡುಗೋಲು ಹಾಕಲು ಬಿಡಲಿಲ್ಲ. ಅವಳ ಮನೆ ಹೋದ ಕವಲಿನ ಮೇಲೆಯೇ ತಾವು ಕಡ್ಡಿ ಜೋಡಿಸಿದಿರಿ. ಎರಡು ಮೀಟರಿಗೂ ಹೆಚ್ಚು ಅಗಲದ ರೆಕ್ಕೆಯವರಿಗೆ ಊರಲ್ಲಿ ಬೇರೆ ಕೊಂಬೆ ಇರಲಿಲ್ಲವೇ ಎಂದು ಅಂದು ನನಗೆ ಹೊಟ್ಟೆ ಉರಿಯಿತು. ಇಂದೂ ಆ ಉರಿ ಪೂರ್ತಿ ಆರಿಲ್ಲ, ಕ್ಷಮಿಸಬೇಕು.

ಆದರೂ ತಾವು ಬೇರೆ ಕಡೆ ಹೋಗಿಬಿಟ್ಟರೆ ಎಂಬ ಭಯವೂ ನನ್ನದೇ. ಪ್ಲೇಗಿನ ಕಾಲದಲ್ಲಿ ಶಿಂಷೆಯ ದಡದ ಹಳೆಯ ಊರು ಬಿಟ್ಟು ಜನ ಇಲ್ಲಿಗೆ ಬಂದಾಗ ತಾವೂ ಹಿಂದೆಯೇ ಬಂದಿರೆಂದು ಹಿರಿಯರು ಹೇಳುತ್ತಾರೆ. 2007ರಲ್ಲಿ ನಮ್ಮೂರು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳಿಗೆ ನಮ್ಮೂರಿನವರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿದರು. 2017ರ ಕೊನೆಯಲ್ಲಿ ಜಂತುಹುಳು ತಗುಲಿ ತಮ್ಮವರು ಮರದಿಂದ ಒಬ್ಬೊಬ್ಬರಾಗಿ ಬಿದ್ದಾಗ ನಮ್ಮ ಮನೆಯಲ್ಲಿ ಒಲೆ ಹತ್ತಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟು ಹಚ್ಚಿಕೊಂಡವರನ್ನು ಕೇಳುವ ಹಕ್ಕು ನಮಗಿದೆ: ಈಚೆಗೆ ಗೂಡುಗಳು ಏಕೆ ಕಡಿಮೆಯಾಗುತ್ತಿವೆ? ಕೆರೆ ಬತ್ತಿತೇ, ಮರ ಸಾಲದಾಯಿತೇ? ಕೆರೆ ನನ್ನ ಕೈಯಲ್ಲಿಲ್ಲ. ಮರ ಇದೆ.

ಆದ್ದರಿಂದ ಒಂದು ವಿನಂತಿ. ಬಾವಿಯ ಬದಿಯಲ್ಲಿ ಮಗಳು ಒಂದು ಹುಣಸೆ ಸಸಿ ನೆಟ್ಟಿದ್ದಾಳೆ. ಅದು ಅಟ್ಟಣೆ ಹೊರುವಷ್ಟು ಬೆಳೆಯುವ ತನಕ ದೊಡ್ಡ ಮರ ತಮ್ಮದೇ. ಆ ಸಸಿಯೊಂದನ್ನು ದಯಮಾಡಿ ಅವಳಿಗೆ ಬಿಟ್ಟುಕೊಡಬೇಕು.

ಮೊನ್ನೆಯ ಗಾಳಿಗೆ ತಮ್ಮದೊಂದು ಖಾಲಿ ಗೂಡು ಕೆಳಗೆ ಬಿತ್ತು. ಕಡ್ಡಿಗಳ ನಡುವೆ ಗೇಣುದ್ದದ ಬಿದಿರಿನ ಸೀಳು, ಅದಕ್ಕೆ ಸುತ್ತಿದ ತೆಂಗಿನ ನಾರು. ಗಂಟು ಮಗಳದ್ದೇ. ಬಿಚ್ಚಲು ಹೋಗದೆ ಹಾಗೆಯೇ ತೆಗೆದು ತನ್ನ ಪುಸ್ತಕದ ಗೂಡಿನಲ್ಲಿ ಇಟ್ಟುಕೊಂಡಿದ್ದಾಳೆ.

ಇಂತಿ ತಮ್ಮ ದಾರಿ ಕಾಯುವ,
ಮರದ ಬುಡದ ಮನೆಯವನು