ಪರದೆಗೊಂದು ಕಟ್ಟು

ಫೋಟೋಗೆ ಕಟ್ಟು ಹಾಕುವ ಅಂಗಡಿಯಾತ ನನ್ನ ಅಳತೆ ಚೀಟಿ ನೋಡಿ, "ಯಾವ ದೇವರು ಸಾರ್?" ಅಂದ. ದೇವರಲ್ಲಪ್ಪ, ಪ್ಯಾಕ್‌ಮ್ಯಾನ್ ಅಂದೆ. ಹಳದಿ ಮೈ, ತೆರೆದ ಬಾಯಿ, ಸಿಕ್ಕ ಚುಕ್ಕಿಯನ್ನೆಲ್ಲ ನುಂಗುತ್ತಾ ಓಡುತ್ತದೆ, ಬೆನ್ನಿಗೆ ನಾಲ್ಕು ದೆವ್ವ. ಆತ ಕೊಂಚ ಯೋಚಿಸಿ, "ಹಾಗಾದ್ರೆ ಕಪ್ಪು ಬೋರ್ಡೇ ಇರಲಿ ಬಿಡಿ" ಅಂದ.

ಅಡುಗೆಮನೆ ಕಪಾಟು ಮಾಡಿಸಿ ಉಳಿದ ಪ್ಲೈವುಡ್‌ನಲ್ಲಿ ನಾನೊಂದು ವಿಡಿಯೋ ಗೇಮಿನ ಆರ್ಕೇಡ್ ಪೆಟ್ಟಿಗೆ ಕಟ್ಟಿಕೊಂಡಿದ್ದೆ. ಒಳಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು, ಮುಂದೆ ಉದ್ದುದ್ದ ನಿಲ್ಲಿಸಿದ ಹಳೇ 19 ಇಂಚಿನ ಮಾನಿಟರು. ಆಟವೇನೋ ಚೆನ್ನಾಗಿಯೇ ನಡೆಯುತ್ತಿತ್ತು. "ಆದ್ರೆ ಅದರ ಕರುಳೆಲ್ಲ ಕಾಣಿಸ್ತಿದೆಯಲ್ರೀ" ಅಂದಳು ಮನೆಯಾಕೆ. ನಿಜವೇ. ಪರದೆಯ ಸುತ್ತ ವೈರು, ಸ್ಕ್ರೂ, ಒಣಗಿದ ಫೆವಿಕಾಲ್. ಅದನ್ನು ಮುಚ್ಚುವ ಚೌಕಟ್ಟಿಗೇ ಬೆಜೆಲ್ ಅನ್ನುತ್ತಾರೆ.

ಹಳೆಯ ಆರ್ಕೇಡ್ ಯಂತ್ರಗಳಲ್ಲಿ ಪರದೆಯ ಆಸುಪಾಸಿಗೂ ಒಂದು ಠೀವಿಯಿತ್ತು. 1978ರ ಸ್ಪೇಸ್ ಇನ್ವೇಡರ್ಸ್ ಆಟದ್ದು ಕಪ್ಪು-ಬಿಳುಪು ಪರದೆ. ಬಣ್ಣದ ಸೆಲ್ಲೋಫೇನ್ ಪಟ್ಟಿ ಅಂಟಿಸಿ ಅದಕ್ಕೆ ರಂಗು ತಂದಿದ್ದರು. ನಮ್ಮೂರ ಜಾತ್ರೆಯ ಸೀರಿಯಲ್ ಸೆಟ್ಟಿನವರಿಗೂ ಈ ಉಪಾಯ ಗೊತ್ತು.

ನಾನು ಮೊದಲು ಫ್ರಿಜ್ಜು ಬಂದ ಡಬ್ಬದ ರಟ್ಟಿನಲ್ಲಿ ಮಾದರಿ ಕತ್ತರಿಸಿದೆ. ಕೆಳಗಡೆ ಎರಡು ಬೆರಳು ಕಮ್ಮಿ! ಪರದೆ ಹಿಂದಕ್ಕೆ ವಾಲಿಕೊಂಡಿದೆ, ನಾನೋ ಟೇಪನ್ನು ನೆಟ್ಟಗೆ ಹಿಡಿದು ಎತ್ತರ ಅಳೆದಿದ್ದೆ. ಕರ್ಣವೇ ದೊಡ್ಡದು ಅಂತ ಲೆಕ್ಕದ ಮೇಷ್ಟ್ರು ಕಿವಿ ಹಿಂಡಿ ಹೇಳಿದ್ದು ತಲೆಗೆ ಹೋಗಿದ್ದು ಆವತ್ತು.

ನಡುವಿನ ಕಿಂಡಿಯದು ಇನ್ನೊಂದು ರಗಳೆ. ಮಾನಿಟರು ನಿಂತಾಗ ಅಗಲ 301 ಮಿ.ಮೀ., ಎತ್ತರ 376. ಪ್ಯಾಕ್‌ಮ್ಯಾನ್ ಚಿತ್ರದ ಅಗಲ-ಎತ್ತರ ಮೂರಕ್ಕೆ ನಾಲ್ಕು; ಅಂದರೆ 282 ಮಿ.ಮೀ. ಅಗಲ ಸಾಕು. ಮಿಕ್ಕಿದ್ದು ಎಡಬಲ ಒಂಬತ್ತೂವರೆಯಂತೆ ಸುಮ್ಮನೆ ಮಂಕಾಗಿ ಬೆಳಗುವ ಪಟ್ಟಿ. ಅದನ್ನೂ ಮುಚ್ಚಿದರೇನೇ ಬೆಜೆಲ್ಲು. ಇಷ್ಟೆಲ್ಲ ಪಾಡು ಯಾಕೆಂದರೆ, ಆಡುವವರು ಬೆಜೆಲ್ಲನ್ನು ನೋಡಲೇಬಾರದು! ಮದುವೆಮನೆ ಅಡುಗೆಭಟ್ಟರ ಹಾಗೆ, ಯಾರೂ ಕೇಳಲಿಲ್ಲವೆಂದರೆ ಎಲ್ಲ ಸರಿಯಾಗಿದೆ ಅಂತ.

ಅಂಗಡಿಯಾತ ಕಿಂಡಿಯ ಅಂಚನ್ನು 45 ಡಿಗ್ರಿ ಓರೆಯಾಗಿ ಸೀಳಿಕೊಟ್ಟ. ಚೊಕ್ಕ ಕೆಲಸ. ಮನೆಗೆ ತಂದು ಕೂರಿಸಿ ದೀಪ ಆರಿಸಿದರೆ, ಬೋರ್ಡಿನ ಒಳಗಿನ ಬಿಳಿ ತಿರುಳು ಪರದೆಯ ಬೆಳಕಿಗೆ ಟ್ಯೂಬ್‌ಲೈಟಿನಂತೆ ಹೊಳೆಯಿತು! ಮಗಳು ಕಪ್ಪು ಮಾರ್ಕರ್ ಹಿಡಿದು, ನಾಲಿಗೆ ಕಚ್ಚಿಕೊಂಡು, ನಾಲ್ಕೂ ಅಂಚಿಗೆ ಬಳಿದಳು. ಆಮೇಲೆ ಮೊದಲ ಆಟ ತನ್ನದೇ ಅಂದಳು.

ಕಿಂಡಿಯಿಂದ ಬಂದ ಕಪ್ಪು ತುಂಡನ್ನು ಎಸೆಯಲಿಲ್ಲ. ಪೆಟ್ಟಿಗೆಯ ಪಕ್ಕ ನೇತುಹಾಕಿ, ಸೀಮೆಸುಣ್ಣದಲ್ಲಿ ಅಂಕ ಬರೆದಿದ್ದೇವೆ. ಮೊದಲು ಮಗಳು, ಆಮೇಲೆ ಮನೆಯಾಕೆ, ಮೂರನೆಯವನು ಪಕ್ಕದ ಮನೆ ಹುಡುಗ. ನನ್ನ ಹೆಸರು ಬರೆಯಲು ಕೆಳಗೆ ಜಾಗವಿದೆ.