ನಾಲಿಗೆ ಚಾಚಿದ ಕ್ಯಾಮೆರಾ

ಹದಿನೆಂಟು ವರ್ಷ ಬೀರುವಿನೊಳಗೆ, ರೇಷ್ಮೆ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆ ವಾಸನೆ ಕುಡಿದುಕೊಂಡು ಮಲಗಿದ್ದ ನಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಈಗ ಶುಕ್ರದೆಸೆ. ಐವತ್ತು ಸಾವಿರದ ಮೊಬೈಲು ಇಟ್ಟುಕೊಂಡಿರುವ ಅಣ್ಣನ ಮಗಳಿಗೆ ಅದರಲ್ಲಿ ಫೋಟೊ ತೀರಾ ಚೆನ್ನಾಗಿ ಬರುತ್ತದೆ ಎಂಬುದೇ ತಕರಾರು. ಚಿತ್ರ ಮಸುಕಾಗಬೇಕಂತೆ, ಫ್ಲ್ಯಾಶ್ ಬಡಿದು ಮುಖ ಸುಣ್ಣ ಹೊಡೆದಂತಾಗಬೇಕಂತೆ. "ಚಿಕ್ಕಪ್ಪಾ, ನಿಮ್ಮ ಹಳೇದು ಇದೆಯಲ್ಲ, ಕೊಡಿ" ಎಂದಳು.

ಗೋಡೆ ಗಡಿಯಾರದಿಂದ ಒಂದು, ಟಿವಿ ರಿಮೋಟಿನಿಂದ ಒಂದು ಸೆಲ್ ಕಿತ್ತು ಹಾಕಿದೆ. ಗಡಿಯಾರ ನಿಂತಿತು, ಟಿವಿ ಮಾತು ಕೇಳದಾಯಿತು. ಕ್ಯಾಮೆರಾ ಒಂದು ರಾಗ ಎಳೆದು, ಲೆನ್ಸನ್ನು ಅರ್ಧ ಹೊರಗೆ ಹಾಕಿ, ಬ್ಯಾಟರಿ ಬದಲಿಸಿ ಎಂದು ಅಪ್ಪಣೆ ಕೊಟ್ಟು ಕಣ್ಣು ಮುಚ್ಚಿತು. ಲೆನ್ಸ್ ಮಾತ್ರ ಚಾಚಿದ ನಾಲಿಗೆಯ ಹಾಗೆ ಹೊರಗೇ ಉಳಿಯಿತು.

ರೋಗಿ ಸಿಕ್ಕರೆ ಸಾಕು, ನಮ್ಮ ಮನೆಯಲ್ಲಿ ಎಲ್ಲರೂ ಡಾಕ್ಟರು. ಅಣ್ಣ ಸೆಲ್ಲನ್ನು ದವಡೆಯಲ್ಲಿಟ್ಟು ಕಚ್ಚಿದ. ಅತ್ತಿಗೆ ತಾರಸಿಯಲ್ಲಿ ಸಂಡಿಗೆ ಪಕ್ಕ ಒಣಗಲು ಇಟ್ಟರು. ರಿಪೇರಿ ಅಂಗಡಿಯವನಂತೂ ಕ್ಯಾಮೆರಾ ಮುಟ್ಟದೆಯೇ "ಬೋರ್ಡ್ ಹೋಗಿದೆ ಸಾರ್" ಎಂದ. ಫ್ರಿಜ್ ಆಗಲಿ, ವಾಷಿಂಗ್ ಮೆಷಿನ್ ಆಗಲಿ, ಈ ಊರಲ್ಲಿ ಬೋರ್ಡ್ ಬಿಟ್ಟು ಬೇರೇನೂ ಹೋದದ್ದನ್ನು ನಾನು ಕಂಡಿಲ್ಲ.

ಹೋಗಿದ್ದು ಸೆಲ್ಲಿನ ಮಾನ. ಗಡಿಯಾರಕ್ಕೆ ಬೇಕಾದ್ದು ಚಿಟಿಕೆಯಷ್ಟು ಕರೆಂಟು. ಕ್ಯಾಮೆರಾದಲ್ಲಿ ಲೆನ್ಸ್ ಮೋಟರು, ಪರದೆ, ಫ್ಲ್ಯಾಶ್ ಎಲ್ಲ ಒಂದೇ ಪಂಕ್ತಿಗೆ ಎಲೆ ಹಾಕಿಕೊಂಡು ಕೂರುತ್ತವೆ. ಮೈಮೇಲೆ 1.5 ವೋಲ್ಟ್ ಎಂದು ಬರೆಸಿಕೊಂಡ ಅಗ್ಗದ ಸೆಲ್ ಅನ್ನ ಬಡಿಸುವ ಮೊದಲೇ ಕುಸಿಯುತ್ತದೆ. ಬರೀ 1.2 ವೋಲ್ಟ್ ಎಂದು ಬರೆದುಕೊಂಡ ನಿಕಲ್ ಮೆಟಲ್ ಹೈಡ್ರೈಡ್ ಚಾರ್ಜಿಂಗ್ ಸೆಲ್ ಪಾಯಸದವರೆಗೂ ಬಡಿಸುತ್ತದೆ. ಹೇಳಿಕೊಳ್ಳುವುದು ಕಡಿಮೆ, ಕೊಡುವುದು ಜಾಸ್ತಿ. ಚುನಾವಣೆಗೆ ನಿಲ್ಲಲು ಲಾಯಕ್ಕಿಲ್ಲದ ಜಾತಿ.

ಈ ಹಸಿವು ವಂಶದ್ದೇ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು 3.6 ಕಿಲೊ ತೂಗುತ್ತಿತ್ತು. 16 ಬ್ಯಾಟರಿ ನುಂಗಿ, 23 ಸೆಕೆಂಡು ತಿಣುಕಿ, ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸುತ್ತಿತ್ತು. ನಮ್ಮದಕ್ಕೆ ಎರಡೇ ಸೆಲ್. ಮೊಮ್ಮಗ ಮಿತಾಹಾರಿ!

ಸರಿ, ಚಾರ್ಜಿಂಗ್ ಸೆಲ್ ತರೋಣವೆಂದು ಫುಟ್‌ಪಾತಿಗೆ ಹೋದೆ. ಒಂದರ ಮೇಲೆ 4800 ಎಂದಿತ್ತು. ಪಕ್ಕದ್ದು 9800. ಬೆಲೆ ಎರಡಕ್ಕೂ ಒಂದೇ. ಆ ಗಾತ್ರದ ಸೆಲ್ಲಿನಲ್ಲಿ 2800 ಮಿಲಿ ಆಂಪಿಯರ್ ಅವರ್ ತುಂಬುವುದೇ ಸಾಹಸ. ಉಳಿದದ್ದೆಲ್ಲ ಪ್ರಿಂಟರಿನ ಕೈಚಳಕ. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಎಂಬ ಸೆಲ್ ತಂದಿತು. ವರ್ಷ ಬಿಟ್ಟು ತೆಗೆದರೂ ಅದರಲ್ಲಿ ಬಹುಪಾಲು ಚಾರ್ಜ್ ಉಳಿದಿರುತ್ತದೆ. ಅಂಥ ಜಾತಿಯದ್ದರ ಮೇಲೆ 2000ದ ಆಸುಪಾಸಿನ ಬಡ ಸಂಖ್ಯೆ ಇರುತ್ತದೆ. ನಾನು ಆ ಬಡವನನ್ನೇ ತಂದೆ.

ಆದರೂ ಕ್ಯಾಮೆರಾ ಏಳಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಸ್ಪ್ರಿಂಗಿನ ತುದಿಗೆ ಬಿಳಿ ಹುಡಿ ಮೆತ್ತಿತ್ತು, ಎಂದೋ ಸೋರಿದ ಸೆಲ್ಲಿನ ಕ್ಷಾರ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸಕ್ಕೆ ಅದ್ದಿ ಮುಟ್ಟಿಸಿದೆ. ಚುಸ್ಸೆಂದು ನೊರೆಯೆದ್ದಿತು. ಒರೆಸಿ, ಒಣಗಿಸಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿದಾಗ ಲೋಹ ಹೊಳೆಯಿತು. ಸೆಲ್ ಬಾಗಿಲಿನ ಕೊಂಡಿ ಮುರಿದಿತ್ತು. ಬಾಗಿಲು ಗಟ್ಟಿ ಮುಚ್ಚದಿದ್ದರೆ ಈ ಯಂತ್ರ ಕೆಲಸಕ್ಕೆ ಕೂರುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಬಿಗಿದೆ. ರಾಗ ಎಳೆಯಿತು, ನಾಲಿಗೆ ಒಳಗೆ ಹೋಗಿ ಮತ್ತೆ ಹೊರಬಂತು. ಬೋರ್ಡ್ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಅಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದಿದ್ದ. ನಿಮ್ಮ ಮನೆಯಲ್ಲೂ ಅಂಥ ಅಣ್ಣನಿದ್ದರೆ ಕೈ ಹಿಡಿದು ತಡೆಯಿರಿ. ಸೆಲ್ ತೆಗೆದಿಟ್ಟರೂ ಫ್ಲ್ಯಾಶಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಕಾದು ಕುಳಿತಿರಬಹುದು.

ಒಳಗಿನ ಪುಟ್ಟ ಗಡಿಯಾರಕ್ಕೆ ಮಾತ್ರ ಜೀವವಿಲ್ಲ. ಯಾವಾಗ ತೆಗೆದರೂ ಫೋಟೊದ ಮೂಲೆಯಲ್ಲಿ ಜನವರಿ ಒಂದು. ಸರಿಮಾಡಿಕೊಡಲೇ ಎಂದೆ. "ಬೇಡ ಚಿಕ್ಕಪ್ಪಾ, ಅದೇ ಚೆಂದ" ಎಂದಳು. ಗೋಡೆ ಗಡಿಯಾರ ಇನ್ನೂ ನಾಲ್ಕೂ ಹತ್ತರಲ್ಲೇ ನಿಂತಿದೆ. ಅದರ ಸೆಲ್ ತಾರಸಿಯಲ್ಲಿ ಒಣಗುತ್ತಿದೆ.