ಯಾರ ಮನೆ ಕಡುಬು?

"ಅಲ್ಲ ಕಣ್ಲಾ, ಸಕ್ಕರೆ ಕಾಯ್ಲೆಯೋನು ಜೇಬ್ನಾಗೆ ಸಕ್ಕರೆ ಪೊಟ್ಣ ಇಟ್ಕಂಡು ತಿರುಗ್ತೀಯಲ್ಲ, ಯಾವ್ ಡಾಕ್ಟ್ರು ಹೇಳ್ಕೊಟ್ಟಿದ್ದು?"

ಬೇಲಿಯಾಚೆಯ ದೊಡ್ಡವ್ವನ ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮುಂದಿನ ವಾರ ಅದು ಹೊಸದಾಗಿಯೇ ಹುಟ್ಟುತ್ತದೆ. ಡಾಕ್ಟರೇ ಹೇಳಿದ್ದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಸಕ್ಕರೆ ಏರುವ ಚಿಂತೆ ವರ್ಷದ್ದಾದರೆ, ಇಳಿಯುವ ಭಯ ಆ ಗಳಿಗೆಯದು. 70ಕ್ಕಿಂತ ಕೆಳಗೆ ಹೋದರೆ ಕೈ ನಡುಗಿ, ಬೆವರಿ, ಮಾತು ತೊದಲುತ್ತದೆ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, ಕಾಲು ಗಂಟೆ ಕೂತು, ಮತ್ತೆ ರಕ್ತ ನೋಡಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ತೋಟದ ಇಳಿಜಾರು ಹತ್ತಿಳಿದ ದಿನವಂತೂ ಅದು ಜಾರುವುದು ಇನ್ನೂ ಬೇಗ. ಒಂದು ಸಲ ಕಣದಲ್ಲಿ ಹಾಗೆ ತೊದಲುತ್ತ ಕೂತಿದ್ದ ನನ್ನನ್ನು ನೋಡಿ ದೊಡ್ಡವ್ವ ಕೊಯ್ಲಿನ ಆಳುಗಳಿಗೆಲ್ಲ ಕೇಳುವಂತೆ ಹೇಳಿದ್ದು, "ಬೆಳಬೆಳಗ್ಗೇನೇ ಹಾಕ್ಕಂಡವ್ನೆ!" ಹಾಕಿಕೊಂಡದ್ದು ನಿಜವೇ, ಹೊಟ್ಟೆಗೆ ಸೂಜಿ.

ವಯಸ್ಸಾದ ಮೇಲೆ ಬಂದು ಮಾತ್ರೆಗೆ ಬಗ್ಗುವ ಬಗೆಯದಲ್ಲ ನನ್ನದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಮೈಯ ಕಾವಲಿನವರೇ ಕೊಂದುಹಾಕಿದ್ದಾರೆ. ಸಿಹಿ ತಿಂದು ಬಂದದ್ದಲ್ಲ, ಹಾಗಲಕಾಯಿ ರಸಕ್ಕೆ ಹೋಗುವುದೂ ಇಲ್ಲ. ಆದರೂ ರಸ ಲೋಟದಲ್ಲಿ ಬೇಲಿ ದಾಟಿ ಬರುತ್ತದೆ. ಕುಡಿಯುತ್ತೇನೆ, ಸೂಜಿಯನ್ನಂತೂ ಬಿಡುವುದಿಲ್ಲ. "ಸೂಜಿ ಅಭ್ಯಾಸ ಆಗ್ಬುಡ್ತದಂತೆ" ಅಂದಳು ಒಮ್ಮೆ. ಅನ್ನ ಅಭ್ಯಾಸ ಆಗಿಲ್ವಾ ದೊಡ್ಡವ್ವ, ಅಂದೆ.

ಅನ್ನದ್ದೇ ದೊಡ್ಡ ಲೆಕ್ಕ. ತಿನ್ನುವ ಅನ್ನ, ಹಿಟ್ಟಿಗೆ ತಕ್ಕಷ್ಟು ಯೂನಿಟ್ಟು ಇನ್ಸುಲಿನ್. ಹಾಸನದಲ್ಲಿ ಡಯಟೀಶಿಯನ್ ಹುಡುಗಿ ಪೆನ್ನು ಹಿಡಿದು ಕೇಳಿತು, "ಬೆಳಗ್ಗೆ ಎಷ್ಟು ಕಡುಬು ತಿಂತೀರ?" ಯಾರ ಮನೆ ಕಡುಬು ಮೇಡಂ, ಅಂತ ಕೇಳದೆ ಹೇಗೆ ಉತ್ತರ ಕೊಡಲಿ? ದೊಡ್ಡವ್ವನ ಮನೆಯ ಒಂದು, ನಮ್ಮ ಮನೆಯ ಎರಡಕ್ಕೆ ಸಮ. ಅಕ್ಕಿ ರೊಟ್ಟಿಯೂ ಅಷ್ಟೆ, ತಟ್ಟುವ ಕೈಯ ಮೇಲೆ. ಕೊನೆಗೆ ಆಕೆ ತಕ್ಕಡಿ ಕೊಳ್ಳಿ ಅಂದರು. ಮನೆಯಲ್ಲಿ ತಕ್ಕಡಿಗೆ ಹಾಕಿದೆ. ನೆಂಟರ ಮನೆಗೆ ತಕ್ಕಡಿ ಹೊತ್ತುಕೊಂಡು ಹೋಗುವ ಧೈರ್ಯ ಬಂದಿಲ್ಲ.

ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು ಅನ್ನುತ್ತಾರೆ. ಆಷಾಢದಲ್ಲಿ ಹೆತ್ತೂರು, ಹಾನುಬಾಳು ಕಡೆ ಮರ ಬಿದ್ದು ಕರೆಂಟು ಹೋದರೆ ಯಾವತ್ತು ಬರುತ್ತದೆಂದು ಲೈನ್‌ಮನ್ನೂ ಹೇಳಲಾರ. ಬೆಂಗಳೂರಿನವರಿಗೆ ಇದೇ ಗಾಬರಿ. ನಮಗಿಲ್ಲ. ಬಳಕೆಯಲ್ಲಿರುವ ಸೀಸೆ 25 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿದ್ದರೂ ನಡೆಯುತ್ತದೆ, ಜುಲೈನಲ್ಲಿ ನಮ್ಮ ಮನೆಯೊಳಗೆ ಅದಕ್ಕಿಂತ ಚಳಿ. ಏಪ್ರಿಲ್ಲಿಗೆ ಮಾತ್ರ ಒಂದರೊಳಗೊಂದು ಮಡಕೆ, ನಡುವೆ ಒದ್ದೆ ಮರಳು. ಕೆಡಿಸುವುದು ಬಿಸಿಲಿಗಿಂತ ಪ್ರೀತಿ. ಬಂದ ನೆಂಟರೊಬ್ಬರು "ಪಾಪ, ಚೆನ್ನಾಗಿ ತಣ್ಣಗಿರಲಿ" ಅಂತ ಸೀಸೆಗಳನ್ನು ಐಸ್ ಟ್ರೇ ಪಕ್ಕಕ್ಕೆ ಏರಿಸಿದ್ದರು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಂಬುವಂತಿಲ್ಲ, ಎಸೆಯಬೇಕು.

ಮಳೆಗಾಲದಲ್ಲಿ ಇಲ್ಲಿ ಕೆಡುವುದು ಗ್ಲುಕೋಮೀಟರಿನ ಸ್ಟ್ರಿಪ್ಪು. ಬೆಲ್ಟಿಗೆ ಬೂಷ್ಟು ಹಿಡಿಸುವ ತೇವ ಅದನ್ನು ಬಿಟ್ಟೀತೆ? ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸುಳ್ಳು ಅಂಕಿ. ನಾನು ಬೆರಳು ಹಿಂಡಿ ಹಿಂಡಿ ಒಂದು ಹನಿ ತೆಗೆಯುವುದನ್ನು ನೋಡಿ ದೊಡ್ಡವ್ವ ಹೇಳಿದ್ದು, "ಇಂಬಳಕ್ಕೆ ಕೇಳು, ಎಷ್ಟು ಸಿಹಿ ಅಂತ ಅದೇ ಹೇಳ್ತದೆ." ಅವಳಿಗೆ ತಮಾಷೆ. ನನಗೆ ಇಂಬಳ ಕಚ್ಚಿದ ಗಾಯ ಕೆರೆದು ಕೀವಾದರೆ ಮಾಯಲು ತಿಂಗಳು, ಹಾಗಾಗಿ ಗಂಬೂಟಿಲ್ಲದೆ ತೋಟಕ್ಕಿಳಿಯುವುದಿಲ್ಲ.

ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಬಿಗಿ ಮಾಡಿ ಆಸ್ಪತ್ರೆಗೆ ಹೋಗುವಾಗ ಒಯ್ಯುತ್ತೇನೆ. ಗೊಬ್ಬರದ ಗುಂಡಿಗೆ ಬಿದ್ದರೆ ತುಳಿಯುವುದು ಬರಿಗಾಲಿನ ಆಳು. ಕೊಳ್ಳುವಾಗಲೂ ಕಣ್ಣಿಟ್ಟಿರಬೇಕು: ಮಿಲಿಗೆ 40 ಯೂನಿಟ್ಟಿನ ಸೀಸೆಗೆ ಕೆಂಪು ಟೋಪಿಯ ಸಿರಿಂಜು, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಟೋಪಿಯದರಲ್ಲಿ ಎಳೆದರೆ ಮೈಗೆ ಹೋಗುವುದು ಎರಡೂವರೆ ಪಟ್ಟು.

"ಇಷ್ಟೆಲ್ಲ ದುಡ್ಡು ಯಾರಿಗ್ಲಾ?" ಅಂತಲೂ ಒಂದು ದಿನ ಬಂತು. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಅವನ ಜೊತೆಯವರು 1923ರಲ್ಲಿ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು ಅಂತ ಹೇಳಿದೆ. "ಅವ್ರು ಕೊಟ್ರು ಸರಿ, ಅಂಗಡಿಯೋನು ಕೊಟ್ಟಾನಾ?" ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಸಾಮಾನುಗಳನ್ನು ಹೇಗೋ ನಿಭಾಯಿಸಬಹುದು. ಹೊತ್ತು ನಮ್ಮ ಕೈಯಲ್ಲಿಲ್ಲ. ನಾನು ಬಳಸುವ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಹೋಗಬೇಕು. ಬುತ್ತಿ ತರುವವನಿಗೆ ಅಷ್ಟರಲ್ಲಿ ದಾರಿಯಲ್ಲಿ ಆನೆ ಸಿಕ್ಕರೆ? ಆಲೂರು, ಸಕಲೇಶಪುರದಲ್ಲಿ ಇದು ಅಪರೂಪವೇನಲ್ಲ. ಪಂಪ್‌ಹೌಸಿನಲ್ಲಿ ಬಾಗಿಲು ಹಾಕಿಕೊಂಡು, ಜೇಬಿನ ಪೊಟ್ಟಣ ನೆಕ್ಕುತ್ತ, ಆನೆ ಬಾಳೆ ಮುಗಿಸುವವರೆಗೆ ಕೂತದ್ದಿದೆ. ಅದು ಅದರ ಊಟದ ಹೊತ್ತಿಗೆ ಸರಿಯಾಗಿತ್ತು.

ಆನೆಗಿಂತ ಕಷ್ಟ ಬೀಗರೂಟ. ಒಂದು ಗಂಟೆಗೆ ಅಂದದ್ದು ಮೂರಕ್ಕೆ. ಎಲೆ ಹಾಕಿದ ಮೇಲೂ ಶಾಸಕರು ಬರಲಿ ಅಂತ ನಿಲ್ಲಿಸುತ್ತಾರೆ. ಈಚೆಗೆ ಮುದ್ದೆ ಕಣ್ಣಿಗೆ ಬೀಳುವ ತನಕ ಸೂಜಿ ತೆಗೆಯುವುದಿಲ್ಲ. ಕಳೆದ ಮದುವೆಯಲ್ಲಿ ನಾನು ಚುಚ್ಚಿಕೊಂಡದ್ದು ಹೇಗೋ ದೊಡ್ಡವ್ವನ ಕಣ್ಣಿಗೆ ಬಿತ್ತು. ಬಡಿಸುವ ಹುಡುಗರಿಗೆ ಚಪ್ಪರದ ಆ ತುದಿಯಿಂದಲೇ ಕೂಗಿದಳು, "ಏಯ್, ಅವ್ನಿಗೆ ಮೊದ್ಲು ಹಾಕ್ರೋ, ಸೂಜಿ ಚುಚ್ಕಂಡು ಕಾಯ್ತಾವ್ನೆ!" ಬಿಸಿ ಮುದ್ದೆ ಬಂತು, ಸಾರು ಬಂತು. ಅದರ ಬೆನ್ನಿಗೇ ಅಕ್ಕಪಕ್ಕದ ಎಲೆಗಳಿಂದ ಅಮೃತಬಳ್ಳಿ, ಮಧುನಾಶಿನಿ, ಮೆಂತ್ಯ, ನೇರಳೆ ಬೀಜ, ಮತ್ತೆ ಸೋಮವಾರಪೇಟೆ ಕಡೆಯ ಯಾವುದೋ ಪಂಡಿತರ ವಿಳಾಸವೂ ಬಂತು.